ಹೊಟ್ಟೆಯ ಹುಣ್ಣು: ಪಥ್ಯವೂ ಮನೆಯ ಆರೈಕೆಯೂ

(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಕೂಡುವ ಈ ಸಭೆಯಲ್ಲಿ ಮುಖ್ಯಾಧ್ಯಾಪಕರಾದವರು ಪರೀಕ್ಷೆಯ ಫಲಿತಾಂಶವನ್ನೋ ಮಕ್ಕಳ ಹಾಜರಿಯನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಸಲ ನಾವು ಆ ವಾಡಿಕೆಯನ್ನು ಬದಿಗಿಟ್ಟು ಹೊಟ್ಟೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಲು ನಿಂತಿದ್ದೇವೆ. ನಾವು ವೈದ್ಯರಲ್ಲ, ಉಪಾಧ್ಯಾಯರು. ಆದರೆ ಈ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿತುದಲ್ಲ. ನಮ್ಮ ಹೊಟ್ಟೆಯಿಂದಲೇ ಕಲಿತೆವು. ಅದಕ್ಕೆ ತೆತ್ತ ಶುಲ್ಕವೂ ಸಣ್ಣದಾಗಿರಲಿಲ್ಲ.

ಮೊದಲು ನಮ್ಮ ಕಥೆಯನ್ನೇ ಹೇಳಿಬಿಡುತ್ತೇವೆ. ಮೂರು ವರ್ಷಗಳ ಹಿಂದೆ ನಮಗೆ ಸೊಂಟನೋವು ಪ್ರಾರಂಭವಾಯಿತು. ದಿನವೆಲ್ಲ ನಿಂತು ಪಾಠ ಹೇಳುವವರಿಗೆ ಇದು ಸಹಜವೆಂದು ತಿಳಿದು, ಯಾರನ್ನೂ ಕೇಳದೆ ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ನುಂಗತೊಡಗಿದೆವು. ಬೆಳಗ್ಗೆ ಉಪಾಹಾರಕ್ಕೆ ಸಮಯವಿಲ್ಲ. ಒಂದು ಲೋಟ ಚಹಾ, ಒಂದು ಮಾತ್ರೆ, ಅನಂತರ ಶಾಲೆ. ಕೆಲವು ತಿಂಗಳಲ್ಲಿ ಸೊಂಟದ ನೋವು ಹೊಟ್ಟೆಗೆ ಇಳಿದಂತಾಯಿತು. ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ, ಕೆಂಡವಿಟ್ಟಂತೆ ಉರಿ. ರಾತ್ರಿ ಒಂದು ಎರಡು ಗಂಟೆಯ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಎರಡು ಬಿಸ್ಕತ್ತು ತಿಂದು ಹಾಲು ಕುಡಿದರೆ ಶಮನ, ಮತ್ತೆ ನಿದ್ದೆ. ‘ಪಿತ್ತವಿರಬೇಕು’ ಎಂದುಕೊಂಡು ಅಡುಗೆಯ ಸೋಡಾವನ್ನು ನೀರಿನಲ್ಲಿ ಕದಡಿ ಕುಡಿದೆವು. ಮನೆಯವರಿಗೆ ಹೇಳಲಿಲ್ಲ. ಮಕ್ಕಳಿಗೆ ಸತ್ಯವನ್ನು ಬೋಧಿಸುವ ನಾವು ಮನೆಯಲ್ಲಿ ನೋವನ್ನು ಬಚ್ಚಿಟ್ಟೆವು.

ಒಂದು ವಾರ ಮಲವು ಡಾಂಬರಿನಂತೆ ಕಪ್ಪಾಯಿತು. ಅದನ್ನೂ ಲೆಕ್ಕಿಸಲಿಲ್ಲ. ಮೂರನೆಯ ದಿನ, ಸೋಮವಾರ, ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗಳಿಗೆ ಹೋಗುತ್ತಿದ್ದಂತೆ ಶಾಲೆಯ ಮೆಟ್ಟಿಲಿನ ಮೇಲೆ ಕಣ್ಣು ಕತ್ತಲಿಟ್ಟು ಕುಸಿದೆವು. ಇಲ್ಲಿ ಕುಳಿತಿರುವ ಹಲವು ಮಕ್ಕಳು ಅದನ್ನು ಕಣ್ಣಾರೆ ಕಂಡವರು. ಸಹೋದ್ಯೋಗಿಗಳು ಆಸ್ಪತ್ರೆಗೆ ಒಯ್ದರು. ಬಾಯಿಯ ಮೂಲಕ ಸಣ್ಣ ನಳಿಗೆಯನ್ನು ಇಳಿಸಿ ನೋಡಿದ ವೈದ್ಯರು, ಜಠರವನ್ನು ದಾಟಿದೊಡನೆ ಬರುವ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಿದೆ, ಅದರಿಂದ ರಕ್ತ ಸೋರುತ್ತಿದೆ ಎಂದರು. ಎರಡು ಬಾಟಲಿ ರಕ್ತವನ್ನು ಕೊಡಬೇಕಾಯಿತು. ಅದನ್ನು ಕೊಟ್ಟವರಲ್ಲಿ ಈ ಸಭೆಯಲ್ಲಿರುವ ಪಾಲಕರೊಬ್ಬರೂ ಉಂಟು. ಅವರ ಹೆಸರನ್ನು ಹೇಳುವುದು ಅವರಿಗೆ ಇಷ್ಟವಿಲ್ಲ. ಆದುದರಿಂದ ಕೈಮುಗಿದು ಮುಂದುವರಿಯುತ್ತೇವೆ.

ನಮ್ಮ ತಪ್ಪೇನು? ನೋವು ಅಡಗಿದರೆ ರೋಗ ಹೋಯಿತೆಂದು ತಿಳಿದುದೇ ನಮ್ಮ ತಪ್ಪು. ಹಾಲು, ಸೋಡಾ, ಬಿಸ್ಕತ್ತುಗಳು ನೋವನ್ನು ಮಲಗಿಸಿದುವು. ಹುಣ್ಣು ಮಾತ್ರ ಎಚ್ಚರವಾಗಿಯೇ ಇತ್ತು. ಇಂದು ನಾವು ಹೇಳಬೇಕೆಂದಿರುವ ಮಾತು ಇದೊಂದೇ. ಪಥ್ಯ ಬೇಕು, ಮನೆಯ ಆರೈಕೆಯೂ ಬೇಕು. ಆದರೆ ಅವು ಚಿಕಿತ್ಸೆಯ ಜೊತೆಗಾರರೇ ಹೊರತು ಚಿಕಿತ್ಸೆಗೆ ಬದಲಿಯಲ್ಲ.

ಮಕ್ಕಳೇ, ನಿಮ್ಮ ವಿಜ್ಞಾನದ ಪಾಠದಲ್ಲಿ ಜಠರರಸದ ವಿಷಯವನ್ನು ಓದಿದ್ದೀರಿ. ನಮ್ಮ ಜಠರವು ದಿನವೊಂದಕ್ಕೆ ಒಂದೂವರೆ ಎರಡು ಲೀಟರಿನಷ್ಟು ರಸವನ್ನು ಸ್ರವಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಮಾಂಸವನ್ನೂ ಬೇಳೆಯನ್ನೂ ಅರಗಿಸುವ ಈ ರಸವು ಜಠರವನ್ನೇ ಏಕೆ ಅರಗಿಸುವುದಿಲ್ಲ? ಏಕೆಂದರೆ ಒಳಗೋಡೆಯ ಮೇಲೆ ಲೋಳೆಯ ಒಂದು ಪದರವು ಗೋಡೆಗೆ ಬಳಿದ ಗಾರೆಯಂತೆ ಕಾವಲಿರುತ್ತದೆ. ಗಾರೆ ಉದುರಿದ ಕಡೆ ಮಳೆಯ ನೀರು ಗೋಡೆಯನ್ನು ಕೊರೆಯುವುದನ್ನು ಇಲ್ಲಿಯ ಮಳೆಗಾಲದಲ್ಲಿ ನೀವೆಲ್ಲ ನೋಡಿದ್ದೀರಿ. ಲೋಳೆಯ ಪದರ ಕೆಟ್ಟಲ್ಲಿ ಆಮ್ಲವು ಹಾಗೆಯೇ ಕೊರೆಯುತ್ತದೆ. ಆ ಗಾಯವೇ ಹೊಟ್ಟೆಯ ಹುಣ್ಣು.

ಈ ಗಾರೆಯನ್ನು ಕೆಡಿಸುವವರು ಯಾರು? ಬಹುಕಾಲ ಜನರು ಖಾರವನ್ನೂ ಚಿಂತೆಯನ್ನೂ ದೂರಿದರು. ವೈದ್ಯರೂ ಅದನ್ನೇ ನಂಬಿದ್ದರು. ನಂಬಿಕೆ ಬದಲಾದುದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. ಅಲ್ಲಿ ರಾಬಿನ್ ವಾರನ್ ಎಂಬ ವೈದ್ಯರು ರೋಗಿಗಳ ಜಠರದ ಚೂರುಗಳಲ್ಲಿ ಸುರುಳಿಯಾಕಾರದ ಸೂಕ್ಷ್ಮಜೀವಿಗಳನ್ನು ಕಂಡರು. ಅವರ ಕಿರಿಯ ಸಹೋದ್ಯೋಗಿ ಬ್ಯಾರಿ ಮಾರ್ಷಲ್ ಅವುಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಹೊರಟರು. ಎಷ್ಟು ಸಲ ಪ್ರಯತ್ನಿಸಿದರೂ ಬೆಳೆಯಲಿಲ್ಲ. ಎರಡು ದಿನ ನೋಡಿ ತಟ್ಟೆಗಳನ್ನು ಎಸೆಯುವುದು ವಾಡಿಕೆಯಾಗಿತ್ತು. 1982ರಲ್ಲಿ ಈಸ್ಟರ್ ರಜೆ ಬಂತು. ತಟ್ಟೆಗಳು ಐದು ದಿನ ಹಾಗೆಯೇ ಉಳಿದುವು. ರಜೆ ಮುಗಿದು ಬಂದು ನೋಡಿದರೆ ಜೀವಿಗಳು ಬೆಳೆದಿದ್ದುವು! ರಜೆಯೂ ಒಮ್ಮೊಮ್ಮೆ ಲೋಕೋಪಕಾರ ಮಾಡುತ್ತದೆ ಎಂದು ಮಕ್ಕಳು ಸಂತೋಷಪಡಬಹುದು. ಆದರೂ ಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ಲರು ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಪ್ರಾರಂಭವಾಗಿ ಅವರ ಜಠರವು ಉರಿಯೂತದಿಂದ ಕೆಂಪೇರಿತು. 2005ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆ ಜೀವಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಹೆಸರು. ಇದು ಬಾಲ್ಯದಲ್ಲಿಯೇ, ಹೆಚ್ಚಾಗಿ ಮನೆಯವರಿಂದಲೇ, ಬಾಯಿಯ ಮೂಲಕ ಹೊಟ್ಟೆಯನ್ನು ಸೇರುತ್ತದೆ. ಸೇರಿದವರೆಲ್ಲರಿಗೂ ಹುಣ್ಣಾಗುವುದಿಲ್ಲ, ಬಹುಮಂದಿಗೆ ಏನೂ ತಿಳಿಯುವುದೇ ಇಲ್ಲ. ಆದರೆ ಹುಣ್ಣಾದವರಲ್ಲಿ ಬಹುಮಂದಿಯ ಹೊಟ್ಟೆಯಲ್ಲಿ ಇದರ ವಾಸವಿರುತ್ತದೆ.

ಎರಡನೆಯ ಶತ್ರು ನೋವಿನ ಮಾತ್ರೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದುವು ನೋವನ್ನು ಕಳೆಯುವಾಗಲೇ ಜಠರದ ಕಾವಲನ್ನೂ ಕಳೆಯುತ್ತವೆ. ಎರಡು ಶತ್ರುಗಳೂ ಕೂಡಿದರೆ ಅಪಾಯ ಇನ್ನೂ ಹೆಚ್ಚು. ನಮ್ಮಲ್ಲಿ ಇವೆರಡೂ ಕೂಡಿದ್ದುವು. ಬೀಡಿ ಸಿಗರೇಟುಗಳು ಹುಣ್ಣು ಮಾಯುವುದನ್ನು ತಡೆಯುತ್ತವೆ. ಮದ್ಯವು ಒಳಪದರವನ್ನು ಕೆರಳಿಸುತ್ತದೆ. ಗೇರುಹಣ್ಣಿನ ಊರಾಕೂ ಫೆನಿಯೂ ಹೊಟ್ಟೆಗೆ ಔಷಧವೆಂದು ಹೇಳುವವರು ಈ ಊರಿನಲ್ಲಿ ಸಿಗುತ್ತಾರೆ. ದಯವಿಟ್ಟು ಆ ಮಾತನ್ನು ನಂಬಬೇಡಿರಿ.

ಇನ್ನು ಆಹಾರದ ವಿಷಯ. ಇಲ್ಲಿ ನಮ್ಮ ನಾಡಿನ ಒಂದು ಪ್ರಸಂಗವನ್ನು ನೆನೆಯಬೇಕು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂಬುದೊಂದಿದೆ; ಜನರು ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1950 ಮತ್ತು 1960ರ ದಶಕಗಳಲ್ಲಿ ಅಲ್ಲಿ ಫ್ರಾಂಕ್ ಟೋವಿ ಎಂಬ ಆಂಗ್ಲ ಶಸ್ತ್ರವೈದ್ಯರಿದ್ದರು. ಹುಣ್ಣಿನ ರೋಗಿಗಳನ್ನು ಕಂಡ ಅವರಿಗೆ ಒಂದು ಪ್ರಶ್ನೆ ಹುಟ್ಟಿತು: ಈ ರೋಗವು ದೇಶದ ಕೆಲವು ಭಾಗಗಳಲ್ಲಿ ಹೆಚ್ಚು, ಕೆಲವು ಭಾಗಗಳಲ್ಲಿ ಕಡಿಮೆ ಏಕೆ? ಬೇರೆ ಬೇರೆ ಪ್ರಾಂತಗಳ ಆಸ್ಪತ್ರೆಗಳಿಂದ ವಿವರಗಳನ್ನು ತರಿಸಿ ಹೋಲಿಸಿದರು. ಅಕ್ಕಿಯೇ ಮುಖ್ಯ ಆಹಾರವಾದ ದಕ್ಷಿಣದ ಭಾಗಗಳಲ್ಲಿ ಹುಣ್ಣು ಹೆಚ್ಚಾಗಿಯೂ, ಗೋದಿಯ ರೊಟ್ಟಿ ತಿನ್ನುವ ಪಂಜಾಬಿನಂಥ ಭಾಗಗಳಲ್ಲಿ ಕಡಿಮೆಯಾಗಿಯೂ ಕಂಡುಬಂತು. ಊಟಕ್ಕೂ ಹುಣ್ಣಿಗೂ ಏನೋ ಸಂಬಂಧವಿರಬೇಕೆಂದು ಅವರು ಮುಂದೆಯೂ ಹಲವು ವರ್ಷ ಶೋಧಿಸಿದರು. ಇದರಿಂದ ಅನ್ನವು ಹುಣ್ಣನ್ನು ಹುಟ್ಟಿಸುತ್ತದೆಂದು ಅರ್ಥಮಾಡಬಾರದು. ಅನ್ನ ಉಣ್ಣುವ ಕೋಟಿ ಜನ ಸುಖವಾಗಿದ್ದಾರೆ. ಆದರೆ ವಿಜಾಪುರ, ಬಾಗಲಕೋಟೆ, ಗದಗಗಳಿಂದ ಬಂದ ನಮ್ಮ ಕುಟುಂಬಗಳು ಗೋವೆಗೆ ಬಂದೊಡನೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪುಗಳನ್ನು ಬಿಟ್ಟು ಬಿಳಿ ಪಾವು ಮತ್ತು ಚಹಾದ ಮೇಲೆ ದಿನ ಕಳೆಯುವುದು ಜಾಣತನವಲ್ಲ ಎಂಬಷ್ಟನ್ನಾದರೂ ನಾವು ತಿಳಿಯಬಹುದು.

ಪಥ್ಯದ ಹೆಸರಿನಲ್ಲಿ ಅತಿಯೂ ಸಲ್ಲದು. ಅಮೆರಿಕದ ಷಿಕಾಗೋ ನಗರದಲ್ಲಿ ಬರ್ಟ್ರಾಂ ಸಿಪ್ಪಿ ಎಂಬ ವೈದ್ಯರು 1915ರಲ್ಲಿ ಒಂದು ಪಥ್ಯವನ್ನು ಪ್ರಕಟಿಸಿದರು: ಗಂಟೆಗೊಮ್ಮೆ ಹಾಲು ಮತ್ತು ಕೆನೆ, ನಡುವೆ ಕ್ಷಾರದ ಪುಡಿ. ದಶಕಗಳ ಕಾಲ ಲೋಕವೆಲ್ಲ ಇದನ್ನು ಅನುಸರಿಸಿತು. ಕೊನೆಗೆ ತಿಳಿದುದೇನು? ಹಾಲು ಕ್ಷಣಕಾಲ ತಂಪೆನಿಸಿದರೂ ತರುವಾಯ ಅದೇ ಜಠರವನ್ನು ಪ್ರಚೋದಿಸಿ ಮತ್ತೆ ಆಮ್ಲವನ್ನು ಸುರಿಸುತ್ತದೆ. ಆದುದರಿಂದ ಹಾಲನ್ನು ಆಹಾರವೆಂದು ಕುಡಿಯಿರಿ, ಔಷಧವೆಂದು ಕುಡಿಯಬೇಡಿರಿ. ಅಡುಗೆಯ ಸೋಡಾದಲ್ಲಿ ಸೋಡಿಯಂ ಬಹಳ. ರಕ್ತದೊತ್ತಡವಿದ್ದವರಿಗೆ ಅದು ಕೇಡು. ಜ್ಯೇಷ್ಠಮಧುವಿನ ವಿಷಯವೂ ಹಾಗೆಯೇ. ಅದರಿಂದ ತೆಗೆದ ಸತ್ವದಿಂದ 1960ರ ದಶಕದಲ್ಲಿ ಹುಣ್ಣಿಗೆ ಒಂದು ಔಷಧವನ್ನೇ ತಯಾರಿಸಿದ್ದರು. ಹುಣ್ಣು ಮಾಯಲು ಸಹಾಯವಾದರೂ ಮೈಯಲ್ಲಿ ನೀರು ತುಂಬಿ ರಕ್ತದೊತ್ತಡ ಏರುತ್ತಿತ್ತು. ಬೇರು ಸೊಪ್ಪುಗಳೆಲ್ಲ ನಿರಪಾಯವೆಂಬ ನಂಬಿಕೆ ಸರಿಯಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಏನು ತಿನ್ನಬೇಕು? ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂಬುದೇ ಮುಖ್ಯವಾದ ಮಾತು. ನಾವು ಅನುಸರಿಸಿದುದನ್ನು ಹೇಳುತ್ತೇವೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಚಹಾ ನಿಲ್ಲಿಸಿದೆವು. ಎದ್ದ ಮೇಲೆ ತಡಮಾಡದೆ ಏನನ್ನಾದರೂ ತಿನ್ನುವುದು: ರಾಗಿಯ ಅಂಬಲಿ, ಜೋಳದ ನುಚ್ಚು, ಇಡ್ಲಿ, ಇಲ್ಲವೆ ಇಲ್ಲಿಯವರು ಉಣ್ಣುವ ಪೇಜ್ ಎಂಬ ಗಂಜಿ. ಮೊದಲ ಎರಡು ಮೂರು ವಾರ ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಬೇಯಿಸಿದ ಕುಂಬಳ, ಹೀರೆ, ಸೋರೆ, ಬಾಳೆಹಣ್ಣು, ಪಪ್ಪಾಯಿ. ಮೀನು ತಿನ್ನುವವರು ಕರಿಯದೆ, ಕಡಿಮೆ ಖಾರದಲ್ಲಿ ಬೇಯಿಸಿ ತಿನ್ನಬಹುದು. ನೋವು ತಗ್ಗಿದ ಮೇಲೆ ರೊಟ್ಟಿ, ಕಾಳು, ಸೊಪ್ಪುಗಳನ್ನು ಒಂದೊಂದಾಗಿ ಮರಳಿ ತರಬೇಕು. ಊಟ ಊಟಗಳ ನಡುವೆ ಬಹಳ ಹೊತ್ತು ಬರಿಹೊಟ್ಟೆಯಲ್ಲಿರಬಾರದು. ರಾತ್ರಿಯ ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆಯ ಅಂತರವಿರಬೇಕು.

ಮೆಣಸಿನಕಾಯಿ ಹುಣ್ಣನ್ನು ಹುಟ್ಟಿಸುವುದಿಲ್ಲ. ಆದರೆ ಇದ್ದ ಹುಣ್ಣಿನ ಮೇಲೆ ಕೆಂಪು ಖಾರದ ಹಿಂಡಿ ಬಿದ್ದರೆ ಉರಿಯುವುದು ಹಲವರ ಅನುಭವ. ಹುಳಿ ಮಜ್ಜಿಗೆ, ಕೋಕಮ್ಮಿನ ಸೋಲ್‌ಕಡಿ, ಕಾಫಿ, ಹುರಿದ ಪದಾರ್ಥಗಳು ಒಬ್ಬರಿಗೆ ಒಗ್ಗುತ್ತವೆ, ಮತ್ತೊಬ್ಬರಿಗೆ ಒಗ್ಗುವುದಿಲ್ಲ. ನಿಮ್ಮ ಹೊಟ್ಟೆಗೆ ಯಾವುದು ಒಗ್ಗದೆಂದು ತಿಳಿಯುವ ಉಪಾಯವೊಂದುಂಟು. ಅದನ್ನು ನಮಗೆ ಕಲಿಸಿದವಳು ಏಳನೆಯ ತರಗತಿಯಲ್ಲಿದ್ದ ನಮ್ಮ ಮಗಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ಹಳೆಯ ನೋಟುಪುಸ್ತಕದಲ್ಲಿ ನಾಲ್ಕು ಗೀಟುಗಳನ್ನು ಎಳೆದು, ‘ಹೊತ್ತು, ತಿಂದದ್ದು, ನೋವು, ಮಾತ್ರೆ’ ಎಂದು ಬರೆದು ನಮ್ಮ ಮುಂದಿಟ್ಟಳು. “ಅಪ್ಪಾ, ನೀವು ನಮ್ಮ ಹಾಜರಿ ಬರೆಯುತ್ತೀರಿ, ಇನ್ನು ಮೇಲೆ ನಿಮ್ಮ ಹೊಟ್ಟೆಯ ಹಾಜರಿಯನ್ನು ನಾನು ಬರೆಯುತ್ತೇನೆ” ಎಂದಳು. ಅಂದಿನಿಂದ ಬಚ್ಚಿಡುವ ಅವಕಾಶವೇ ನಮಗೆ ಉಳಿಯಲಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರು ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇಷ್ಟು ಚೆನ್ನಾಗಿ ರೋಗದ ವಿವರ ಹೇಳುವವರು ಅಪರೂಪವೆಂದರು. ಮಕ್ಕಳೇ, ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವಿದ್ದರೆ ಈ ಕೆಲಸವನ್ನು ನೀವೂ ಮಾಡಬಲ್ಲಿರಿ.

ಈಗ ಚಿಕಿತ್ಸೆಯ ವಿಷಯ. ಹೆಲಿಕೊಬ್ಯಾಕ್ಟರ್ ಇದೆಯೇ ಎಂದು ಉಸಿರಿನ ಪರೀಕ್ಷೆಯಿಂದಲೂ ಮಲದ ಪರೀಕ್ಷೆಯಿಂದಲೂ ತಿಳಿಯಬಹುದು. ಅವಶ್ಯವೆನಿಸಿದರೆ ನಳಿಗೆಯನ್ನು ಇಳಿಸಿ ನೋಡುತ್ತಾರೆ. ಇದ್ದರೆ ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ ಔಷಧದೊಡನೆ ಜೀವಿನಾಶಕ ಔಷಧಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಇಲ್ಲಿಯೇ ಹಲವರು ಎಡವುತ್ತಾರೆ. ನಾಲ್ಕನೆಯ ದಿನಕ್ಕೆ ನೋವು ನಿಲ್ಲುತ್ತದೆ, ಬಾಯಿ ಕಹಿಯಾಗುತ್ತದೆ, ಮಾತ್ರೆಗಳು ಕಪಾಟಿನಲ್ಲಿ ಉಳಿಯುತ್ತವೆ. ಅರ್ಧಕ್ಕೆ ಬಿಟ್ಟರೆ ಉಳಿದ ಜೀವಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಚಿಕಿತ್ಸೆ ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಜೀವಿಗಳು ಹೋದುವೆಂದು ಖಚಿತಪಡಿಸಿಕೊಳ್ಳಬೇಕು. ನೋವು ನಿಂತುದೇ ಉತ್ತೀರ್ಣವಾದ ಗುರುತಲ್ಲ. ಪರೀಕ್ಷೆಯ ಫಲಿತಾಂಶವನ್ನು ನೋಡಬೇಕು. ಈ ನಿಯಮ ಶಾಲೆಗೂ ಹೊಟ್ಟೆಗೂ ಒಂದೇ.

ಮೈಕೈ ನೋವಿಗೆ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ. ಪ್ಯಾರಸಿಟಮಾಲ್ ಮಿತಿಯಲ್ಲಿದ್ದರೆ ಹೊಟ್ಟೆಗೆ ಅಷ್ಟು ತೊಂದರೆ ಕೊಡುವುದಿಲ್ಲ. ಹೃದಯದ ಕಾಯಿಲೆಗೆಂದು ವೈದ್ಯರೇ ಆಸ್ಪಿರಿನ್ ಬರೆದಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬಾರದು. ಹುಣ್ಣಿನ ವಿಷಯವನ್ನು ಅವರಿಗೆ ತಿಳಿಸಬೇಕು. ಏಕಾದಶಿ, ಸೋಮವಾರ, ರಂಜಾನ್ ಮುಂತಾದ ಉಪವಾಸಗಳನ್ನು ಮಾಡುವವರೂ ಹುಣ್ಣು ಮಾಯುವವರೆಗೆ ವೈದ್ಯರ ಮಾತನ್ನು ಕೇಳುವುದು ಲೇಸು. ದೇವರು ದೇಹವನ್ನು ಕೆಡಿಸಿಕೊಳ್ಳಿರೆಂದು ಹೇಳುವುದಿಲ್ಲ.

ಪಾಲಕರೇ, ಈಗ ಹೇಳುವುದನ್ನು ಚೆನ್ನಾಗಿ ನೆನಪಿಡಿರಿ. ರಕ್ತ ವಾಂತಿಯಾದರೆ ಅಥವಾ ಕಾಫಿಯ ಚರಟದಂಥ ವಾಂತಿಯಾದರೆ, ಮಲವು ಡಾಂಬರಿನಂತೆ ಕಪ್ಪಾಗಿ ಅಂಟಾಗಿ ಕೆಟ್ಟ ವಾಸನೆಯಿಂದ ಕೂಡಿದ್ದರೆ, ತಲೆ ಸುತ್ತಿ ಮೈ ಬಿಳಿಚಿದರೆ, ಹೊಟ್ಟೆಯಲ್ಲಿ ಒಮ್ಮೆಲೇ ಚೂರಿ ಇರಿದಂಥ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿದರೆ, ಮನೆಯಲ್ಲಿ ಒಂದು ಗಳಿಗೆಯೂ ಕಾಯಬಾರದು. ಹಾಲು ಬೇಡ, ಕಷಾಯ ಬೇಡ. ದೂರವಾಣಿಯಲ್ಲಿ 108ನ್ನು ಕರೆಯಿರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಆದರೆ ಅದನ್ನು ನಿರ್ಧರಿಸುವವರು ವೈದ್ಯರಾಗಿರಲಿ. ಮೇಲುಹೊಟ್ಟೆಯ ಉರಿಯೊಡನೆ ಬೆವರು, ಏದುಸಿರು, ಎದೆಯ ಬಿಗಿತವಿದ್ದರೆ ಅದು ಹೃದಯಾಘಾತವೂ ಆಗಿರಬಹುದು. ಆಗಲೂ ಇದೇ ಮಾರ್ಗ. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ಪದೇ ಪದೇ ವಾಂತಿಯಾದರೆ ಅದೇ ವಾರ ವೈದ್ಯರನ್ನು ಕಾಣಬೇಕು. ಹೆಲಿಕೊಬ್ಯಾಕ್ಟರನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಶೋಧನಾ ವಿಭಾಗವು 1994ರಲ್ಲಿಯೇ ಜಠರದ ಕ್ಯಾನ್ಸರಿಗೆ ಕಾರಣವಾಗುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಲಕ್ಷ್ಯ ಮಾಡಬಾರದೆಂದು ಹೇಳುತ್ತಿದ್ದೇವೆ.

ನಮ್ಮ ಮಡ್ಕಯಿಯಲ್ಲಿ ಒಂದು ಕಡೆ ನವದುರ್ಗೆಯ ದೇವಾಲಯ, ಇನ್ನೊಂದು ಕಡೆ ಕೈಗಾರಿಕಾ ವಸಾಹತು. ಈ ಶಾಲೆಯ ಮಕ್ಕಳ ತಂದೆತಾಯಂದಿರಲ್ಲಿ ಅನೇಕರು ಆ ಕಾರಖಾನೆಗಳಲ್ಲಿಯೋ ಕಟ್ಟಡದ ಕೆಲಸಗಳಲ್ಲಿಯೋ ದುಡಿಯುವವರು. ರಾತ್ರಿಪಾಳಿಯಲ್ಲಿ ಊಟದ ಹೊತ್ತು ತಪ್ಪುತ್ತದೆ. ಭಾರ ಹೊತ್ತು ಬೆನ್ನು ನೋಯುತ್ತದೆ. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಆದುದರಿಂದ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವಿರಿ. ನಿಮ್ಮ ಕಷ್ಟವನ್ನು ನಾವು ಬಲ್ಲೆವು. ಒಂದು ದಿನದ ಕೂಲಿಯನ್ನು ಉಳಿಸಲು ಹೋಗಿ ಒಂದು ತಿಂಗಳ ಕೂಲಿಯನ್ನು ಕಳೆದುಕೊಳ್ಳಬೇಡಿರಿ ಎಂಬುದಷ್ಟೇ ನಮ್ಮ ವಿನಂತಿ. ಪಾಳಿಗೆ ಹೋಗುವಾಗ ಡಬ್ಬಿಯಲ್ಲಿ ಎರಡು ರೊಟ್ಟಿಯೋ ಒಂದಿಷ್ಟು ಮೊಸರನ್ನವೋ ಇರಲಿ. ನೋವು ಎರಡು ವಾರ ಮೀರಿದರೆ ಫೋಂಡಾದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಇದೆ. ಕೊಂಕಣಿ ಬಾರದೆಂಬ ಸಂಕೋಚವಿದ್ದರೆ ನಮಗೆ ತಿಳಿಸಿರಿ. ನಮ್ಮ ಅಧ್ಯಾಪಕರಲ್ಲಿ ಒಬ್ಬರು ನಿಮ್ಮೊಡನೆ ಬರುತ್ತಾರೆ.

ಮಕ್ಕಳಿಗೆ ಕೊನೆಯ ಮಾತು. ಈ ಜೀವಿಯು ಬಾಲ್ಯದಲ್ಲಿ ಬಾಯಿಯಿಂದ ಒಳಗೆ ಬರುತ್ತದೆಂದು ಹೇಳಿದೆವು. ಶೌಚದ ಅನಂತರವೂ ಊಟದ ಮುಂಚೆಯೂ ಸಾಬೂನಿನಿಂದ ಕೈ ತೊಳೆಯಿರಿ. ಶುದ್ಧವಾದ ನೀರನ್ನು ಕುಡಿಯಿರಿ. ಎಂಜಲು ಲೋಟವನ್ನು ಹಂಚಿಕೊಳ್ಳಬೇಡಿರಿ. ಮುಂಜಾನೆ ಬರಿಹೊಟ್ಟೆಯಲ್ಲಿ ಶಾಲೆಗೆ ಬರಬೇಡಿರಿ. ಮನೆಯಲ್ಲಿ ಅಪ್ಪನೋ ಅವ್ವನೋ ನಡುರಾತ್ರಿ ಎದ್ದು ಹೊಟ್ಟೆ ಹಿಡಿದು ಕುಳಿತಿರುವುದನ್ನು ಕಂಡರೆ ಸುಮ್ಮನೆ ಮಗ್ಗುಲು ತಿರುಗಿ ಮಲಗಬೇಡಿರಿ. “ಏಕೆ?” ಎಂದು ಕೇಳಿರಿ. ದೊಡ್ಡವರು ತಮ್ಮ ನೋವನ್ನು ಮಕ್ಕಳಿಗೆ ಹೇಳುವುದಿಲ್ಲ. ಮಕ್ಕಳು ಕೇಳಿದರೆ ಮಾತ್ರ ಅವರ ಬಾಯಿ ಬಿಡುತ್ತದೆ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಆರು ತಿಂಗಳು ಮುಂಚೆ ಬಂದಿದ್ದರೆ ಆ ಸೋಮವಾರ ನಾವು ಮೆಟ್ಟಿಲಿನ ಮೇಲೆ ಬೀಳುತ್ತಿರಲಿಲ್ಲ.

ಆ ನೋಟುಪುಸ್ತಕ ಈಗಲೂ ನಮ್ಮ ಮೇಜಿನ ಮೇಲಿದೆ. ಕೊನೆಯ ಪುಟಗಳಲ್ಲಿ ‘ನೋವು’ ಎಂಬ ಗೀಟಿನ ಕೆಳಗೆ ಉದ್ದಕ್ಕೂ ‘ಇಲ್ಲ’ ಎಂದೇ ಬರೆದಿದೆ. ನಿಮ್ಮೆಲ್ಲರ ಮನೆಗಳ ಪುಸ್ತಕವೂ ಹಾಗೆಯೇ ಮುಗಿಯಲೆಂದು ಹಾರೈಸುತ್ತೇವೆ.